ಓದಿದೆ ಎಂದು ಬರೆದವಳು

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕು ಬೀರುವಿನ ತಳದಲ್ಲಿ ಸಿಕ್ಕಿತು. ಮೊದಲ ನಾಲ್ಕು ಹಾಳೆಯಲ್ಲಿ ಅಮ್ಮನ ಮಾತ್ರೆಗಳ ಪಟ್ಟಿ, ಉಳಿದದ್ದು ಖಾಲಿ. ಇವತ್ತಿನ ವಿಷಯವನ್ನು ಕಂಪ್ಯೂಟರಿನಲ್ಲಿ ಬರೆಯುವ ಹಾಗಿಲ್ಲ, ಬಾಯಿಬಿಟ್ಟು ಹೇಳುವ ಹಾಗಂತೂ ಇಲ್ಲ. ಎಲ್ಲೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ. ಹಾಗಾಗಿ ಪೆನ್ನು ಹಿಡಿದಿದ್ದೇನೆ.

ಮಧ್ಯಾಹ್ನ ಮೂರು ಗಂಟೆಗೆ ಚಿಲಕದಲ್ಲಿ ತೂತು ಕಂಡವರು ಗುಟ್ಟಾಗಿ ಬರೆಯುವ ವಿಳಾಸಕ್ಕೆ ಪರಿಚಯವಿಲ್ಲದ ಒಬ್ಬರ ಪತ್ರ ಬಂತು. ಚಿಲಕ ಎಂದರೆ ನಾವು ಮೂವರು ನೋಡಿಕೊಳ್ಳುವ ತಂತ್ರಾಂಶ. ನನಗೆ ಗೊತ್ತಿರುವುದನ್ನೇ ನನಗೆ ಬರೆದು ಹೇಳಿಕೊಳ್ಳುತ್ತಿದ್ದೇನೆ, ತಲೆ ತಿಳಿಯಾಗಲಿ ಎಂದು. ಎರಡು ಕಂಪ್ಯೂಟರುಗಳು ದೂರದಿಂದ ಮಾತಾಡುವಾಗ ನಡುವೆ ಕದ್ದು ಕೇಳುವವನಿಗೆ ತಲೆಬುಡ ತಿಳಿಯದ ಹಾಗೆ ಮಾತನ್ನು ಗುಪ್ತಲಿಪಿಗೆ ತಿರುಗಿಸುವುದು ಅದರ ಕೆಲಸ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಅದರ ಒಂದೊಂದು ಸಾಲನ್ನೂ ಓದಬಹುದು, ಬದಲಿಸಬಹುದು. ಆಸ್ಪತ್ರೆ, ಅಂಗಡಿ, ಟಿಕೆಟ್ ಕೊಡುವ ಯಂತ್ರ, ಜನರ ಜೇಬಿನ ಫೋನು, ಎಲ್ಲದರ ಒಳಗೂ ಅದಿದೆ. ಇದೆ ಎಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಮೊದಲು ಬರೆದವರು ಮೇಷ್ಟ್ರು, ನಿವೃತ್ತರಾದ ಗಣಿತದ ಮೇಷ್ಟ್ರು. ಇನ್ನೊಬ್ಬ ಗುಬ್ಬಚ್ಚಿ, ಮೂವತ್ತು ದಾಟದ ಹುಡುಗ, ಯಾವಾಗಲೂ ಚಿಲಿಪಿಲಿ ಎನ್ನುತ್ತಿರುತ್ತಾನೆ. ಮೂರನೆಯವಳು ನಾನು. ಹೊಟ್ಟೆಪಾಡಿಗೆ ಬೆಳಗ್ಗೆ ಒಂದು ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ, ಮಧ್ಯಾಹ್ನದ ಮೇಲೆ ಚಿಲಕ. ನನ್ನ ಅಡ್ಡಹೆಸರು ಕತ್ತರಿ. ಹೊಸಬರು ಕಳಿಸಿದ ಯಾವ ಕೋಡೂ ನನ್ನ ಕೈಯಿಂದ ಗಾಯವಾಗದೆ ಹೊರಗೆ ಬರುವುದಿಲ್ಲವಂತೆ.

ಪತ್ರದ ವಿಷಯ ಇದು. ಒಮ್ಮೆ ಪರಿಚಯವಾದ ಕಂಪ್ಯೂಟರು ಮತ್ತೆ ಬಂದಾಗ ಮೊದಲಿಂದ ಪರಿಚಯ ಬೇಡವೆಂದು ಚಿಲಕ ಅದರ ಕೈಗೆ ಒಂದು ಚೀಟಿ ಕೊಟ್ಟಿರುತ್ತದೆ. ಮುಂದಿನ ಸಲ ಆ ಚೀಟಿ ತೋರಿಸಿದರೆ ಸಾಕು, ನಿಲ್ಲಿಸಿದ ಮಾತು ಮುಂದುವರಿಯುತ್ತದೆ. ತೋರಿಸಿದ ಚೀಟಿಯನ್ನು ತನ್ನ ಹತ್ತಿರವಿರುವ ಪ್ರತಿಯ ಜತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ನಮ್ಮ ಕೋಡು ಬಂದವನು ತಂದ ಚೀಟಿ ಎಷ್ಟು ಉದ್ದವಿದೆಯೋ ಅಷ್ಟನ್ನೇ ಹೋಲಿಸುತ್ತದೆ. ಖಾಲಿ ಚೀಟಿ ತಂದರೆ ಹೋಲಿಸಲು ಏನೂ ಇಲ್ಲ. ಏನೂ ತಪ್ಪಿಲ್ಲ, ಆದ್ದರಿಂದ ಎಲ್ಲ ಸರಿ, ಒಳಗೆ ಬನ್ನಿ! ಹಾಗೆ ಬಂದವನು ಬೇರೆ ಯಾರದೋ ಮಾತಿನ ನಡುವೆ ಹೋಗಿ ಕೂರಬಹುದು. ಅವರಿಗೆ ಆ ಯಂತ್ರದಲ್ಲಿ ಏನೇನು ಕಾಣುತ್ತದೋ ಅದೆಲ್ಲ ಇವನಿಗೂ ಕಾಣುತ್ತದೆ. ಬಂದುಹೋದ ಗುರುತೂ ಉಳಿಯುವುದಿಲ್ಲ.

ಹನ್ನೊಂದು ಸಾಲು. ಆರು ವರ್ಷದಿಂದ ಹಾಗೇ ಕೂತಿವೆ. ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಕೆಳಗೆ "ಓದಿದೆ" ಎಂದು ಬರೆಯದೆ ಒಂದಕ್ಷರವೂ ಒಳಗೆ ಹೋಗುವುದಿಲ್ಲ. ದಾಖಲೆ ತೆಗೆದು ನೋಡಿದೆ. ಬರೆದವರು ಮೇಷ್ಟ್ರು. ಓದಿದವಳು ನಾನು.

ಆರು ವರ್ಷದ ಹಿಂದಿನ ಮಾತು. ದಿನಕ್ಕೆ ಹತ್ತು ಓದುತ್ತೇನೆ, ಯಾವುದು ಅಂತ ನೆನಪಿಟ್ಟುಕೊಳ್ಳಲಿ.

ಮಾರ್ಚ್ 4, ಮಂಗಳವಾರ

ಮೂವರೂ ಫೋನಿನಲ್ಲಿ ಸೇರಿದೆವು. ಗುಬ್ಬಚ್ಚಿ ಒಮ್ಮೆಯೂ ನಗಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

"ಹದಿನೆಂಟನೇ ತಾರೀಕು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ," ಎಂದ. "ತೂತು ಮುಚ್ಚಿದ ಹೊಸ ಕೋಡನ್ನ ಅವತ್ತೇ ಎಲ್ಲರಿಗೂ ಬಿಡೋಣ, ತೂತು ಇತ್ತು ಅಂತಾನೂ ಅವತ್ತೇ ಹೇಳೋಣ. ಅಲ್ಲೀವರೆಗೆ ನಾವು ಮೂರು ಜನ, ಪತ್ರ ಬರೆದವರು, ಅಷ್ಟೇ. ಐದನೇ ಕಿವಿಗೆ ಬೀಳಬಾರದು."

"ನಮ್ಮ ನಮ್ಮ ಯಂತ್ರಗಳು?" ಎಂದು ಕೇಳಿದೆ.

"ಮುಟ್ಟೋ ಹಾಗಿಲ್ಲ ಮೇಡಂ. ನಮ್ಮದು ಬದಲಾಗಿದ್ದನ್ನ ಯಾರಾದ್ರೂ ಕಂಡ್ರೆ ಏನು ಬದಲಾಯ್ತು ಅಂತ ಹುಡುಕ್ತಾರೆ. ಹುಡುಕಿದ್ರೆ ಅರ್ಧ ದಿನದಲ್ಲಿ ಸಿಗುತ್ತೆ. ನಿಯಮ ನಿಮ್ಮದೇ ಅಲ್ವಾ?"

ಹೌದು, ನನ್ನದೇ. ನಾಲ್ಕು ವರ್ಷದ ಹಿಂದೆ ಕೂತು ಬರೆದದ್ದು. ಮನೆಯವರಿಗೂ ಹೇಳಕೂಡದು ಎಂಬ ಸಾಲನ್ನು ಪಟ್ಟು ಹಿಡಿದು ಸೇರಿಸಿದವಳೂ ನಾನೇ. ಗುಟ್ಟು ಒಂದು ಸಲ ಹೊಸ್ತಿಲು ದಾಟಿದರೆ ರಟ್ಟು, ಅದರಲ್ಲಿ ಎರಡು ಮಾತಿಲ್ಲ.

ಕೊನೆಗೆ ಮೇಷ್ಟ್ರು, "ಆ ಹನ್ನೊಂದು ಸಾಲು ನಂದೇ ಕಣಮ್ಮಾ," ಎಂದರು. ಓದಿದ್ದು ಯಾರು ಎಂದು ಗುಬ್ಬಚ್ಚಿ ಕೇಳಲಿಲ್ಲ, ದಾಖಲೆ ನೋಡಿರುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದೇಕೆ ಎಂದು ನಾನೂ ಸುಮ್ಮನಿದ್ದೆ.

ಮಾರ್ಚ್ 5, ಬುಧವಾರ

ಊಟಕ್ಕೆ ಕೂತಾಗ ಅಕ್ಕ ಹೇಳಿದಳು, ಇವತ್ತು ಇನ್ನೊಬ್ಬಳು ಬಂದಳು, ಈಗ ಹನ್ನೊಂದು ಜನ ಎಂದು. ಕೈಯ ತುತ್ತನ್ನು ತಟ್ಟೆಗೇ ಇಟ್ಟೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹೊಡೆತ ತಾಳಲಾರದೆ ಮನೆ ಬಿಟ್ಟು ಬರುವ ಹೆಂಗಸರಿಗೆ ಇರಲು ಜಾಗ ಕೊಡುವ ಕಚೇರಿ ನಡೆಸುತ್ತಾಳೆ, ಒಂದು ಟೈಲರ್ ಅಂಗಡಿಯ ಮಹಡಿಯ ಮೇಲೆ. ಅವರನ್ನು ಯಾವ ಮನೆಗಳಲ್ಲಿ ಇಟ್ಟಿದ್ದಾರೆ ಎಂಬುದು ಅಕ್ಕನಿಗೆ ಮತ್ತು ಜತೆಯ ಇಬ್ಬರಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ. ಅಮ್ಮ ವಾರಕ್ಕೊಮ್ಮೆ ಪ್ರಯತ್ನ ಮಾಡುತ್ತಾಳೆ.

"ಯಾವ ದಿಕ್ಕಿಗಿದೆ ಅಂತಾದ್ರೂ ಹೇಳೇ. ನಾನೇನು ಡಂಗುರ ಹೊಡೀತೀನಾ?"

"ಹೊಡೀತೀಯಮ್ಮ," ಎಂದು ಅಕ್ಕ ತಟ್ಟೆ ತೊಳೆಯಲು ಎದ್ದಳು.

ಆ ಕಚೇರಿಯ ಕಪಾಟಿನಲ್ಲಿ ಒಂದು ಯಂತ್ರವಿದೆ. ಸಹಾಯ ಬೇಡುವವರ ಪತ್ರಗಳು ಅದಕ್ಕೇ ಬರುವುದು. ಹನ್ನೊಂದು ಜನರ ಹೆಸರು, ಅವರಿರುವ ಮನೆಗಳು, ಮಕ್ಕಳ ಶಾಲೆ, ಎಲ್ಲ ಅದರೊಳಗೇ ಇದೆ. ಅಕ್ಕ ಮತ್ತು ಜತೆಯವರು ತಮ್ಮ ಫೋನುಗಳಿಂದ ನೋಡುತ್ತಾರೆ. ನಡುವೆ ಕಾವಲು ನಿಂತಿರುವುದು ಚಿಲಕ. ಐದು ವರ್ಷದ ಹಿಂದೆ ನಾನೇ ಹೋಗಿ ಕೂರಿಸಿ, "ಅಕ್ಕಾ, ಇದರೊಳಗೆ ನೊಣಾನೂ ನುಗ್ಗಲ್ಲ," ಎಂದು ಎದೆ ತಟ್ಟಿಕೊಂಡು ಬಂದಿದ್ದೆ.

ಇನ್ನು ಹದಿಮೂರು ದಿನ ಅದು ಬಾಗಿಲು ತೆರೆದುಕೊಂಡು ಕೂತಿರುತ್ತದೆ. ನಾನು ಪಕ್ಕದಲ್ಲೇ ಕೂತು ಊಟ ಮಾಡುತ್ತಿರಬೇಕು.

ಮಾರ್ಚ್ 7, ಶುಕ್ರವಾರ

ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಗ್ರಂಥಾಲಯದಲ್ಲಿ ಒಬ್ಬ ಮುದುಕರು ಪ್ರಿಂಟರು ಯಾಕೆ ಸದ್ದು ಮಾಡುತ್ತಿದೆ ಎಂದು ಕೇಳಿದ್ದಕ್ಕೆ ರೇಗಿಬಿಟ್ಟೆ. ಆಮೇಲೆ ಚಿಲಕಕ್ಕೆ ಒಬ್ಬಳು ಹೊಸಬಳು ಒಂದು ಸಣ್ಣ ತಿದ್ದುಪಡಿ ಕಳಿಸಿದ್ದಳು. "ಮೊದಲು ಓದುವುದನ್ನು ಕಲಿ, ಆಮೇಲೆ ಬರೆಯುವಿಯಂತೆ" ಎಂದು ಉತ್ತರ ಬರೆದೆ. ಕಳಿಸಿದ ಮೇಲೆ ಸ್ವಲ್ಪ ಹೊತ್ತು ಆ ವಾಕ್ಯವನ್ನೇ ನೋಡುತ್ತ ಕೂತೆ.

ಮಾರ್ಚ್ 8, ಶನಿವಾರ

ಅಕ್ಕನ ಕಚೇರಿಯ ಬೀದಿಗೆ ಒಬ್ಬ ಗಂಡಸು ಬಂದಿದ್ದನಂತೆ. ಹನ್ನೊಂದರಲ್ಲಿ ಒಬ್ಬಳ ಗಂಡ. ಟೈಲರನ ಹತ್ತಿರ, ಎದುರಿನ ಔಷಧಿ ಅಂಗಡಿಯವನ ಹತ್ತಿರ, ಹೆಂಡತಿಯ ಫೋಟೋ ತೋರಿಸಿ ಕೇಳಿದನಂತೆ. ಟೈಲರು ಗಟ್ಟಿಗ. "ಇಲ್ಲಿ ಬರೋ ಹೆಂಗಸರ ಅಳತೆ ನೋಡ್ತೀನಿ ಸ್ವಾಮಿ, ಮುಖ ನೋಡಲ್ಲ," ಎಂದು ಕಳಿಸಿದನಂತೆ. ಅಕ್ಕ ಅದನ್ನು ಹೇಳಿ ನಕ್ಕಳು. ನಕ್ಕು ಮುಗಿದ ಮೇಲೆ, "ಇಷ್ಟು ಹತ್ತಿರ ಹೇಗೆ ಬಂದ ಅಂತಾನೇ ಅರ್ಥ ಆಗ್ತಿಲ್ಲ," ಎಂದಳು.

ನನಗೆ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡೆ. ಖಾಲಿ ಚೀಟಿ. ಅವನಿಗೆ ಅಷ್ಟು ಗೊತ್ತಿರಲಾರದು, ಆದರೆ ಗೊತ್ತಿರುವವನೊಬ್ಬನನ್ನು ಹಿಡಿದಿದ್ದರೆ? ದಾಖಲೆ ನೋಡಿದರೆ ಏನೂ ಸಿಗುವುದಿಲ್ಲ, ಈ ತೂತಿನ ಗುಣವೇ ಅದು. ಬೀದಿಯವರೆಗೆ ಬಂದವನಿಗೆ ಮನೆಯವರೆಗೆ ಎಷ್ಟು ದಿನ?

ಅಕ್ಕ ನನ್ನ ಮುಖ ನೋಡಿ, "ನೀನ್ಯಾಕೆ ಹೀಗೆ ಬಿಳಿಚಿಕೊಂಡೆ? ಇಂಥವರನ್ನ ಬಹಳ ನೋಡಿದೀನಿ ಬಿಡು," ಎಂದಳು. ಅವಳೇ ನನಗೆ ಸಮಾಧಾನ ಹೇಳಿದಳು.

ಮಾರ್ಚ್ 10, ಸೋಮವಾರ

ಯಂತ್ರವನ್ನು ಕಿತ್ತು ತಂದೆ.

ನಿಯಮ ಮುರಿದಿಲ್ಲ. ಮುಟ್ಟುವ ಹಾಗಿಲ್ಲ ಎಂದರೆ ದುರಸ್ತಿ ಮಾಡುವ ಹಾಗಿಲ್ಲ ಎಂದರ್ಥ, ಆರಿಸುವ ಹಾಗಿಲ್ಲ ಎಂದು ಎಲ್ಲಿ ಬರೆದಿದೆ? ನಾನು ವಕೀಲಳಾಗಬೇಕಿತ್ತು.

ಊಟದ ವೇಳೆಗೆ ಹೋದೆ. ಅಕ್ಕ ಯಾರದೋ ಜತೆ ಮಾತಾಡುತ್ತ ಒಳಕೋಣೆಯಲ್ಲಿದ್ದಳು. ಕಪಾಟು ತೆಗೆದು, ಯಂತ್ರಕ್ಕೆ ಕಿವಿಯಿಟ್ಟು ಕೇಳಿಸಿಕೊಳ್ಳುವ ನಾಟಕವಾಡಿದೆ. ಅವಳು ಹೊರಗೆ ಬಂದಾಗ, "ಡಿಸ್ಕು ಸಾಯ್ತಾ ಇದೆ ಅಕ್ಕಾ, ಕಟಕಟ ಅಂತಿದೆ. ಈಗಲೇ ತೆಗೀದಿದ್ರೆ ಎಲ್ಲ ಹೋಗುತ್ತೆ," ಎಂದೆ.

"ಎಷ್ಟು ದಿನ ಬೇಕು?"

"ಒಂದು ವಾರ."

"ಒಂದು ವಾರವಾ? ಮನೆಗಳ ಪಟ್ಟಿ ನನ್ನ ತಲೇಲಿದೆ, ಅದು ಬಿಡು. ಹೊಸದಾಗಿ ಬರೆಯೋರು?"

"ಫೋನ್ ಇದೆಯಲ್ಲ."

"ಫೋನಲ್ಲಿ ಮಾತಾಡೋಕಾಗದವರೇ ಕಣೇ ಬರೆಯೋದು."

"ಆದಷ್ಟು ಬೇಗ ತರ್ತೀನಿ," ಎಂದು ಬಟ್ಟೆಚೀಲದಲ್ಲಿ ಹಾಕಿಕೊಂಡು ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಒಂದು ವಾರದಿಂದ ಮೊದಲ ಸಲ ಉಸಿರು ಸರಿಯಾಗಿ ಆಡಿತು. ಆರಿಸಿದ ಯಂತ್ರದೊಳಗೆ ಯಾವ ಚೀಟಿಯೂ ನುಗ್ಗುವುದಿಲ್ಲ. ಈಗ ಅದು ನನ್ನ ಮಂಚದ ಕೆಳಗಿದೆ. ಅಮ್ಮ ಆಗಲೇ ಅದರ ಮೇಲೆ ಕಂಬಳಿ ಮಡಿಸಿಟ್ಟಿದ್ದಾಳೆ.

ಮಾರ್ಚ್ 11, ಮಂಗಳವಾರ

ನಿದ್ದೆ ಬಂತು. ಚೆನ್ನಾಗಿ ಊಟ ಮಾಡಿದೆ. ಇನ್ನು ಏಳು ದಿನ.

ಮಾರ್ಚ್ 13, ಗುರುವಾರ

ಬೆಳಗ್ಗೆ ಕಾಫಿ ಕುಡಿಯುವಾಗ ಅಕ್ಕ ಕೇಳಿದಳು, "ಡಿಸ್ಕು ಬಂತಾ?"

"ತರಿಸಿದ್ದೆ, ಬೇರೆ ಅಳತೇದು ಕಳಿಸಿದಾರೆ. ವಾಪಸು ಮಾಡಿದೀನಿ. ಅಂಗಡಿಯವನಿಗೆ ಬೈದು ಬಂದೆ."

ಅಂಗಡಿ ಇಲ್ಲ, ಅಂಗಡಿಯವನಿಲ್ಲ, ಬೈಗುಳವೂ ಇಲ್ಲ. ಸತ್ಯದ ತಲೆ ಮೇಲೆ ಹೊಡೆದ ಹಾಗೆ ಬಂತು ಮಾತು, ಯೋಚನೆಯನ್ನೂ ಮಾಡಲಿಲ್ಲ. ಅಮ್ಮ ಬೇರೆ, "ಈಗಿನ ಅಂಗಡಿಯವರೇ ಹಾಗೆ," ಎಂದು ಸಾಕ್ಷಿ ಹೇಳಿದಳು.

"ನಾಳೆ ಬರುತ್ತಾ?" ಎಂದಳು ಅಕ್ಕ.

"ನಾಳೆ, ಇಲ್ಲದಿದ್ರೆ ನಾಡಿದ್ದು."

ಅಕ್ಕನ ಹನ್ನೊಂದು ಜನ ಕ್ಷೇಮವಾಗಿದ್ದಾರೆ. ಅದು ಮುಖ್ಯ.

ಮಾರ್ಚ್ 14, ಶುಕ್ರವಾರ

ಮೇಷ್ಟ್ರು ಫೋನ್ ಮಾಡಿದರು. ಗುಬ್ಬಚ್ಚಿಯನ್ನು ಸೇರಿಸದೆ, ನನಗೊಬ್ಬಳಿಗೇ.

ಮೊದಲು ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದರು. ಆಮೇಲೆ ಹೊಸ ಕೋಡಿನ ಬಗ್ಗೆ ಎರಡು ಮಾತು.

"ಆ ತಿಂಗಳು ನನಗೆ ಕಣ್ಣಿನ ಆಪರೇಶನ್ ಆಗಿತ್ತಮ್ಮಾ. ಎಡಗಣ್ಣಿಗೆ ಪಟ್ಟಿ. ಒಂದೇ ಕಣ್ಣಲ್ಲಿ ಬರೆದದ್ದು ಅದು. ಅದಕ್ಕೇ ನಿನಗೆ ಕಳಿಸಿದ್ದು. ನೀನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದ್ತೀಯ ಅಂತ ಧೈರ್ಯ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಓದಿದ್ಯಾ ಅವತ್ತು? ಬೈಯೋಕಲ್ಲ. ಸುಮ್ಮನೆ ಕೇಳ್ತಿದೀನಿ."

"ಓದಿದ್ದೆ ಮೇಷ್ಟ್ರೇ. ಕಣ್ತಪ್ಪಿತು."

"ಹಾಗಾ. ಆಗುತ್ತೆ, ಆಗುತ್ತೆ," ಎಂದರು. "ಹದಿನೆಂಟರ ಪ್ರಕಟಣೆಯಲ್ಲಿ ನನ್ನ ಹೆಸರು ಮಾತ್ರ ಹಾಕಿ. ನನಗೆ ವಯಸ್ಸಾಯ್ತು. ನೀನು ಇನ್ನೂ ಇದನ್ನ ನೋಡ್ಕೋಬೇಕಾದವಳು."

ಆ ದಿನ ನೆನಪಿದೆ. ಮೊದಲ ದಿನ ಇಲ್ಲಿ ನೆನಪಿಲ್ಲ ಎಂದು ಬರೆದೆ ಅನ್ನಿಸುತ್ತದೆ, ನೆನಪಿದೆ. ಅವರು ನನ್ನನ್ನು ಗುಂಪಿಗೆ ಸೇರಿಸಿಕೊಂಡು ಎರಡು ತಿಂಗಳಾಗಿತ್ತು. ಅಷ್ಟು ದೊಡ್ಡವರು ತಾವು ಬರೆದದ್ದನ್ನು ನನ್ನ ಕೈಗೆ ಕೊಟ್ಟು ಓದಮ್ಮ ಎಂದಿದ್ದರು. ತೆರೆದೆ, ಮೇಲಿಂದ ಕೆಳಕ್ಕೆ ಒಮ್ಮೆ ಕಣ್ಣಾಡಿಸಿದೆ. ಮೇಷ್ಟ್ರು ಬರೆದದ್ದರಲ್ಲಿ ನಾನೇನು ಹುಳುಕು ಹುಡುಕುವುದು, ಅಧಿಕಪ್ರಸಂಗ ಎಂದುಕೊಂಡೆ. ಅವರು ಕಳಿಸಿದ್ದು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ನಾನು "ಓದಿದೆ" ಎಂದು ಬರೆದದ್ದು ಹತ್ತು ಗಂಟೆ ಹದಿನಾರು ನಿಮಿಷಕ್ಕೆ. ನಡುವೆ ಎದ್ದು ಹೋಗಿ ನೀರೂ ಕುಡಿದು ಬಂದಿದ್ದೆ.

ಯಾರೋ ಅಪರಿಚಿತ ಕಳಿಸಿದ್ದರೆ ಅರ್ಧ ದಿನ ಕೂತು ಹರಿದುಹಾಕುತ್ತಿದ್ದೆ. ತೂತು ಸಿಗುತ್ತಿತ್ತು.

ನಾಚಿಕೆಯಾಗುತ್ತಿದೆ. ಇದನ್ನು ಬರೆದದ್ದರಿಂದ ಸ್ವಲ್ಪವೂ ಕಡಿಮೆಯಾಗಲಿಲ್ಲ.

ಮಾರ್ಚ್ 16, ಭಾನುವಾರ

ಗುಬ್ಬಚ್ಚಿಯೂ ನಾನೂ ಹೊಸ ಕೋಡನ್ನು ಗಟ್ಟಿಯಾಗಿ ಓದಿದೆವು, ಸಣ್ಣ ಮಕ್ಕಳ ಪಾಠದ ಹಾಗೆ. ಅವನು ಒಂದು ಸಾಲು ಓದುವುದು, ಅದು ಏನು ಮಾಡುತ್ತದೆ ಎಂದು ನಾನು ಹೇಳುವುದು. ಇದು ನನ್ನ ಹಟ. "ಹದಿನಾರು ಸಾಲಿಗೆ ಮೂರು ಗಂಟೆನಾ ಮೇಡಂ!" ಎಂದು ಗುಬ್ಬಚ್ಚಿ ಗೋಳಾಡಿದ. ಇನ್ನೊಂದು ಸಲ ಓದೋಣ ಎಂದೆ. ಎರಡನೇ ಸಲ ಓದುವಾಗ ಅವನೇ ಒಂದು ತಪ್ಪು ಹಿಡಿದ. ಆಮೇಲೆ ಗೋಳಾಡಲಿಲ್ಲ.

ಮಧ್ಯಾಹ್ನ ಆ ಹೊಸಬಳ ತಿದ್ದುಪಡಿಯನ್ನು ಮತ್ತೆ ತೆಗೆದು ನೋಡಿದೆ. ಎಂಟನೇ ಸಾಲಿನಲ್ಲಿ ಅವಳು ಹೇಳಿದ್ದು ಸರಿ ಇತ್ತು. ಹಾಗೆಂದು ಬರೆದು, ಹೋದ ವಾರದ ಮಾತಿಗೆ ಕ್ಷಮಿಸು ಎಂದೂ ಸೇರಿಸಿದೆ. ಬೇರೆ ಕೆಲಸವಿರಲಿಲ್ಲ ಅದಕ್ಕೆ.

ಪ್ರಕಟಣೆಯ ಕರಡನ್ನು ಗುಬ್ಬಚ್ಚಿ ಕಳಿಸಿದ್ದಾನೆ. "ಪರಿಶೀಲನೆಯಲ್ಲಿ ಕಣ್ತಪ್ಪಾಗಿದೆ" ಎಂದಿದೆ. ಯಾರ ಕಣ್ಣು ಎಂದಿಲ್ಲ. ಒಳ್ಳೆಯ ಹುಡುಗ.

ಅಕ್ಕ ಇವತ್ತು ಡಿಸ್ಕಿನ ಸುದ್ದಿ ಎತ್ತಲಿಲ್ಲ. ಕೇಳಿ ಕೇಳಿ ಸಾಕಾಗಿರಬೇಕು.

ಮಾರ್ಚ್ 18, ಮಂಗಳವಾರ

ಎರಡು ಗಂಟೆಗೆ ಬಿಟ್ಟೆವು. ಎರಡೂ ಹತ್ತಕ್ಕೆ ಜಗತ್ತಿನ ಅರ್ಧಭಾಗ ನಮ್ಮನ್ನು ಬೈಯಲು ಶುರುಮಾಡಿತ್ತು, ಇನ್ನರ್ಧ ಹೊಸ ಆವೃತ್ತಿ ಹಾಕಿಕೊಳ್ಳಲು ಓಡುತ್ತಿತ್ತು. ಗುಬ್ಬಚ್ಚಿ, "ಗೆದ್ವಿ ಮೇಡಂ, ಎಲ್ಲೂ ಸೋರಲಿಲ್ಲ!" ಎಂದು ಕೂಗಿದ. ನಾನು ಅಕ್ಕನ ಯಂತ್ರಕ್ಕೆ ಹೊಸದನ್ನು ಹಾಕಿ, ಚೀಲದಲ್ಲಿಟ್ಟುಕೊಂಡು ಮೂರೂವರೆಗೆ ಅವಳ ಕಚೇರಿಯಲ್ಲಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಬೀಗುತ್ತಲೇ ಹೋದೆ. ತಂತಿ ಚುಚ್ಚಿದೆ, ಗುಂಡಿ ಒತ್ತಿದೆ, ದೀಪ ಹತ್ತಿತು.

ಯಂತ್ರ ಆರಿದ್ದಾಗ ಬಂದ ಪತ್ರಗಳು ಕಳೆದುಹೋಗುವುದಿಲ್ಲ. ಕಳಿಸಿದ ಕಡೆಯ ಯಂತ್ರ ಅವನ್ನು ಇಟ್ಟುಕೊಂಡು ನಾಲ್ಕೈದು ದಿನ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಇದು ನನಗೆ ಮೊದಲಿಂದಲೂ ಗೊತ್ತು. ಗೊತ್ತಿದ್ದರಿಂದಲೇ ಯೋಚಿಸಿರಲಿಲ್ಲ. ಹತ್ತು ನಿಮಿಷದಲ್ಲಿ ಒಂದೊಂದಾಗಿ ಬಂದವು. ಅಕ್ಕ ನಿಂತುಕೊಂಡೇ ಓದುತ್ತಿದ್ದಳು. ಓದುತ್ತ ಓದುತ್ತ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಮೂರು ಪತ್ರ, ಒಬ್ಬಳದೇ.

ಗುರುವಾರ, ಹದಿಮೂರು: "ನಾನು ಬರಬಹುದಾ? ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಒಂಬತ್ತು ವರ್ಷ, ನಾಲ್ಕು ವರ್ಷ. ಫೋನ್ ಮಾಡೋಕಾಗಲ್ಲ. ಬೇಗ ಹೇಳಿ."

ಶುಕ್ರವಾರ: "ನಿನ್ನೆ ಬರೆದದ್ದು ಸಿಕ್ಕಿತಾ?"

ಭಾನುವಾರ: "ಪರವಾಗಿಲ್ಲ. ನೀವೂ ಎಷ್ಟು ಜನಕ್ಕೆ ಅಂತ ಮಾಡ್ತೀರಿ. ಬಿಡಿ."

"ಡಿಸ್ಕು ಹೋಗಿತ್ತು ತಾನೆ?" ಎಂದು ಕೇಳಿದಳು ಅಕ್ಕ. ದನಿ ಏರಿರಲಿಲ್ಲ.

ಹೇಳಿದೆ. ಎಲ್ಲ ಹೇಳಿದೆ. ಪತ್ರ ಬಂದದ್ದು, ಖಾಲಿ ಚೀಟಿ, ಹದಿನೆಂಟನೇ ತಾರೀಕು, ನಿಯಮ, ಬೀದಿಗೆ ಬಂದ ಆ ಗಂಡ, ಮಂಚದ ಕೆಳಗಿನ ಯಂತ್ರ. ಹೇಳುವಾಗ ಕೆಳಗೆ ಟೈಲರ್ ಅಂಗಡಿಯ ಹೊಲಿಗೆ ಮೆಶಿನ್ನು ಓಡುತ್ತಲೇ ಇತ್ತು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅವನು ಬೀದಿಗೆ ಬಂದದ್ದು ನಿನ್ನ ತೂತಿಂದಲ್ಲ," ಎಂದಳು. "ಅವನ ಹೆಂಡತೀನೇ ತನ್ನ ತಂಗಿಗೆ ಫೋನ್ ಮಾಡಿ ಬೀದಿ ಹೆಸರು ಹೇಳಿದ್ಲು. ತಂಗಿ ಭಾವನಿಗೆ ಹೇಳಿದ್ಲು. ನೀನು ಯಂತ್ರ ತಗೊಂಡು ಹೋದ ಸೋಮವಾರ ಸಾಯಂಕಾಲವೇ ಗೊತ್ತಾಯ್ತು ನನಗೆ. ನಿನಗ್ಯಾಕೆ ಹೇಳಬೇಕು ಅಂತ ಸುಮ್ಮನಿದ್ದೆ."

ನಾನು ತಲೆ ತಗ್ಗಿಸಿ ನಿಂತಿದ್ದೆ.

"ತೂತಿದೆ ಅಂತ ನೀನು ಹೇಳೋದೇ ಬೇಡ ಇತ್ತು. ಅಕ್ಕಾ, ಯಂತ್ರ ಎಂಟು ದಿನ ಆರಿಸಬೇಕು, ಯಾಕೆ ಅಂತ ಕೇಳಬೇಡ ಅಂದಿದ್ರೆ ನಾನು ಕೇಳ್ತಿದ್ನಾ? ಅವತ್ತೇ ಬರೆಯೋರಿಗೆ ಬೇರೆ ವಿಳಾಸ ಮಾಡಿ ಕೊಡ್ತಿದ್ದೆ. ನೀನು ನಾಳೆ ಬರುತ್ತೆ ಅಂದೆ. ನಾಳೆ ಬರೋ ಯಂತ್ರಕ್ಕೆ ಬೇರೆ ದಾರಿ ಯಾಕೆ ಅಂತ ನಾನೂ ಕೂತೆ." ಆಮೇಲೆ ಹೇಳಿದಳು, "ಇಪ್ಪತ್ತು ವರ್ಷದಿಂದ ಗುಟ್ಟು ಕಾಯೋದೇ ನನ್ನ ಕೆಲಸ. ಲೋಕದಲ್ಲಿ ನಿನಗೆ ನಂಬಿಕೆ ಬಾರದೇ ಇದ್ದದ್ದು ನನ್ನ ಮೇಲೇನಾ?"

ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಆ ಹೆಂಗಸಿಗೆ ಒಂದೇ ಸಾಲು ಬರೆದಳು: "ಪತ್ರ ಈಗ ಸಿಕ್ಕಿತು. ಬನ್ನಿ. ಎಲ್ಲಿಗೆ, ಯಾವಾಗ ಹೇಳಿದರೂ ನಾವೇ ಬರುತ್ತೇವೆ." ಕತ್ತಲಾಗುವವರೆಗೆ ಇಬ್ಬರೂ ಆ ಪರದೆಯ ಮುಂದೆ ಕೂತಿದ್ದೆವು. ಉತ್ತರ ಬರಲಿಲ್ಲ.

ಮಾರ್ಚ್ 19, ಬುಧವಾರ

ಬೆಳಗ್ಗೆ ಏಳಕ್ಕೆ ಮೇಷ್ಟ್ರಿಗೆ ಫೋನ್ ಮಾಡಿ, "ಓದಿರಲಿಲ್ಲ ಮೇಷ್ಟ್ರೇ," ಎಂದೆ.

"ಗೊತ್ತಿತ್ತಮ್ಮಾ," ಎಂದರು. "ಅವತ್ತೇ ನೋಡಿದೆ. ನಾಲ್ಕೇ ನಿಮಿಷದಲ್ಲಿ ಬಂತಲ್ಲ ಉತ್ತರ. ಹೊಸ ಹುಡುಗಿ, ಕೇಳಿದ್ರೆ ನೊಂದ್ಕೋತಾಳೆ ಅಂತ ಸಂಕೋಚ ಆಯ್ತು. ನಾನೂ ಬಿಟ್ಟೆ."

ನನಗೆ ಅವರ ಮೇಲಿನ ಗೌರವ, ಅವರಿಗೆ ನನ್ನ ಮೇಲಿನ ಸಂಕೋಚ. ಆರು ವರ್ಷ ಊರಿಗೆಲ್ಲ ಬಾಗಿಲು ತೆರೆದಿಟ್ಟದ್ದು ಇವೆರಡೇ. ಪ್ರಕಟಣೆಯಲ್ಲಿ ಒಂದು ಸಾಲು ಬದಲಿಸಿದೆ: "ಈ ಹನ್ನೊಂದು ಸಾಲುಗಳನ್ನು ಓದದೆಯೇ ಓದಿದೆ ಎಂದು ಬರೆದವಳು ನಾನು." ಕೆಳಗೆ ನನ್ನ ಹೆಸರು ಹಾಕಿದೆ. ಗುಬ್ಬಚ್ಚಿ ಅದನ್ನು ಓದಲು ಹತ್ತು ನಿಮಿಷ ತೆಗೆದುಕೊಂಡು "ಓದಿದೆ" ಎಂದು ಬರೆದ. ಬೈಯುವವರು ಬೈಯುತ್ತಿದ್ದಾರೆ, ಇರಲಿ.

ಹನ್ನೊಂದು ಗಂಟೆಗೆ ಅಕ್ಕ ಗ್ರಂಥಾಲಯಕ್ಕೇ ಬಂದಳು. ಕಾರಿನ ಎಂಜಿನ್ನು ನಿಲ್ಲಿಸಿರಲಿಲ್ಲ. "ಉತ್ತರ ಬಂತು. ಮನೆಯಿಂದ ಹೊರಗೆ ಬಂದು ನಿಂತಿದ್ದಾಳೆ. ನನ್ನ ಜತೆಯವರಿಬ್ಬರೂ ಕೋರ್ಟಿಗೆ ಹೋಗಿದಾರೆ. ಕಾರು ಹತ್ತು," ಎಂದಳು. ಯಾರನ್ನೂ ಕೇಳದೆ ಎದ್ದು ಹೋದೆ.

ಒಂದು ಶಾಲೆಯ ಗೋಡೆಯ ಪಕ್ಕ ನಿಂತಿದ್ದಳು, ಕೈಯಲ್ಲಿ ಒಂದೇ ಚೀಲ. ಸಣ್ಣದು ಅವಳ ಸೊಂಟದ ಮೇಲೆ ನಿದ್ದೆ ಮಾಡುತ್ತಿತ್ತು. ಅಕ್ಕ ಬಾಗಿಲು ತೆಗೆದು ಹಿಂದಿನ ಸೀಟಿಗೆ ಕೂರಿಸಿದಳು. ನಾನು ಇನ್ನೊಂದು ಮಗುವಿಗಾಗಿ ಗೋಡೆಯುದ್ದಕ್ಕೂ ನೋಡುತ್ತಿದ್ದೆ.

"ದೊಡ್ಡವಳು?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಗುರುವಾರ ಇಬ್ಬರೂ ಮನೇಲೇ ಇದ್ರು," ಎಂದಳು ಅವಳು. "ಶನಿವಾರ ನಮ್ಮನೆಯವರು ದೊಡ್ಡವಳನ್ನ ಅವರ ಕಡೆಯ ಯಾರದೋ ಮನೆಗೆ ಬಿಟ್ಟು ಬಂದ್ರು. ಯಾವ ಊರು ಅಂತ ಹೇಳಲಿಲ್ಲ."

ಅಕ್ಕ ನನ್ನ ಕಡೆ ನೋಡಲಿಲ್ಲ. ಕಾರು ಹೊರಟಿತು. ಎರಡು ತಿರುವು ದಾಟಿದ ಮೇಲೆ ನಾನು ಹಿಂದೆ ತಿರುಗಿ, "ನಿಮ್ಮ ಪತ್ರ ತಲುಪದೇ ಇದ್ದದ್ದು ನನ್ನಿಂದ," ಎಂದೆ. "ಆ ಯಂತ್ರ ನೋಡ್ಕೊಳ್ಳೋಳು ನಾನೇ. ನಾನೇ ಆರಿಸಿದ್ದೆ."

ಅವಳು ನಿದ್ದೆಯಲ್ಲಿದ್ದ ಮಗುವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ.

"ಈಗ ಓಡ್ತಿದೆಯಾ ಅದು?"

"ಓಡ್ತಿದೆ."

"ಆರಿಸಬೇಡಿ ಹಾಗಾದ್ರೆ," ಎಂದಳು. "ದೊಡ್ಡವಳಿಗೆ ಆ ವಿಳಾಸ ಬಾಯಿಪಾಠ ಮಾಡ್ಸಿದೀನಿ. ಯಾರದಾದ್ರೂ ಫೋನ್ ಕೈಗೆ ಸಿಕ್ಕಿದ್ರೆ ಬರೀತಾಳೆ."

ಅವರನ್ನು ಬಿಟ್ಟ ಮನೆ ಯಾವುದು, ಎಷ್ಟು ದೂರ, ಯಾವ ಬಣ್ಣದ ಬಾಗಿಲು ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿಂದ ನೇರ ಅಕ್ಕನ ಕಚೇರಿಗೆ ಬಂದು ಕಪಾಟು ತೆಗೆದು ನೋಡಿದೆ. ಯಂತ್ರ ಓಡುತ್ತಿತ್ತು. ಪತ್ರ ಬಂದಿರಲಿಲ್ಲ.